ಲೈಟ್ ಶೀಟ್‌ಗೆ ಕಳಿಸುವ ಮುಂಚೆ ಎಲೆ ಹದವಾಗಿರಲಿ

ಲೈಟ್ ಶೀಟ್ ಮೈಕ್ರೋಸ್ಕೋಪಿನಲ್ಲಿ ತೆಗೆದ 3ಡಿ ಚಿತ್ರ ಮಸುಕಾಗಿ ಬಂದರೆ ಎಲ್ಲರೂ ಮೊದಲು ಲೇಸರ್ ಪವರ್ ಏರಿಸುತ್ತಾರೆ. ಆಮೇಲೆ ಸಾಫ್ಟ್‌ವೇರ್ ಹುಡುಕುತ್ತಾರೆ. ಸ್ಯಾಂಪಲ್ ಹೇಗಿತ್ತು ಅಂತ ಕೇಳುವವರು ಕಡಿಮೆ. ಬೆಳಗಾವಿಯಲ್ಲಿ ಕೂತು ನಾನು ಮಾಡುವ ಕೆಲಸ ಬಹುಪಾಲು ಆ ಪ್ರಶ್ನೆಯದ್ದೇ. ನಮ್ಮೂರಿನ, ಬಾಗಲಕೋಟೆಯ, ವಿಜಯಪುರದ ಸಂಶೋಧನಾ ವಿದ್ಯಾರ್ಥಿಗಳ ಸ್ಯಾಂಪಲ್‌ಗಳನ್ನು ಹದ ಮಾಡಿಸುವುದು, ಬಂದ ಚಿತ್ರಗಳನ್ನು ಅವರ ಜೊತೆ ಕೂತು ನೋಡುವುದು. ಮೆಷಿನ್ ಇರುವುದು ಬೆಂಗಳೂರಿನಲ್ಲಿ, ಅಲ್ಲಿ ಸಿಗುವುದು ಕೆಲವೇ ಗಂಟೆ. ಹಾಗಾಗಿ ಇಲ್ಲಿ ಕೆಟ್ಟದ್ದನ್ನು ಅಲ್ಲಿ ರಿಪೇರಿ ಮಾಡಲು ಆಗುವುದಿಲ್ಲ.

ಈ ಮೈಕ್ರೋಸ್ಕೋಪಿನ ತತ್ವ ಸರಳ. ನಮ್ಮ ಕಡೆಯ ಹಳೇ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯಿಂದ ಬಿಸಿಲು ಇಳಿದಾಗ, ಪಕ್ಕದಲ್ಲಿ ನಿಂತವರಿಗೆ ಆ ಬಿಸಿಲ ಕೋಲಿನೊಳಗಿನ ಧೂಳಿನ ಕಣ ಮಾತ್ರ ಹೊಳೆದು ಕಾಣುತ್ತದೆ, ಅಲ್ವಾ? ಇಲ್ಲೂ ಅಷ್ಟೇ. ಲೇಸರನ್ನು ತೆಳುವಾದ ಹಾಳೆಯ ಆಕಾರಕ್ಕೆ ತಂದು ಸ್ಯಾಂಪಲಿನ ಪಕ್ಕದಿಂದ ಹಾಯಿಸುತ್ತಾರೆ, ಕ್ಯಾಮೆರಾ ಅದಕ್ಕೆ 90 ಡಿಗ್ರಿಯಲ್ಲಿ ನಿಂತು ನೋಡುತ್ತದೆ. ಹಾಳೆ ಬಿದ್ದ ಪದರ ಮಾತ್ರ ಹೊಳೆಯುತ್ತದೆ. ಸ್ಯಾಂಪಲನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಒಂದೊಂದೇ ಪದರ ತೆಗೆದು ಜೋಡಿಸಿದರೆ 3ಡಿ ಚಿತ್ರ. ಲೇಸರಿನಿಂದ ಒಂದೊಂದೇ ಬಿಂದು ನೋಡುತ್ತಾ ಹೋಗುವ ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ ಒಂದು ಬಿಂದು ನೋಡಲು ಮೇಲಿನ ಕೆಳಗಿನ ಪದರಗಳಿಗೂ ಬೆಳಕು ಬೀಳುತ್ತದೆ, ಸ್ಯಾಂಪಲಿಗೆ ಹಾಕಿದ ಹೊಳೆಯುವ ಬಣ್ಣ ಬೇಗ ಮಾಸುತ್ತದೆ. ಇಲ್ಲಿ ಆ ಕಾಟ ಕಡಿಮೆ.

ಪಕ್ಕದಿಂದ ಬೆಳಕು ಹಾಯಿಸುವ ಉಪಾಯ ಹಳೆಯದು. ಸೀಡೆಂಟಾಫ್ ಮತ್ತು ಜಿಗ್ಮಂಡಿ 1903ರಲ್ಲೇ ಗಾಜಿನೊಳಗಿನ ಚಿನ್ನದ ಸೂಕ್ಷ್ಮ ಕಣಗಳನ್ನು ಹೀಗೆ ನೋಡಿದ್ದರು. 1993ರಲ್ಲಿ ವೋಯ್ ಮತ್ತು ಸಂಗಡಿಗರು ಗಿನಿಯಿಲಿಯ ಒಳಕಿವಿಗೆ ಇದನ್ನು ಫ್ಲೋರೊಸೆನ್ಸ್ (ಒಂದು ಬಣ್ಣದ ಬೆಳಕು ಹೀರಿ ಇನ್ನೊಂದು ಬಣ್ಣದಲ್ಲಿ ಹೊಳೆಯುವ ಗುಣ) ಜೊತೆ ಬಳಸಿದರು. 2004ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಹೂಸ್ಕೆನ್ ಮತ್ತು ತಂಡ ಜೀವಂತ ಭ್ರೂಣಗಳನ್ನು ತಿರುಗಿಸುತ್ತಾ ಚಿತ್ರ ತೆಗೆದು ತೋರಿಸಿದ ಮೇಲೆ ಜೀವಶಾಸ್ತ್ರದವರೆಲ್ಲ ಇತ್ತ ಹೊರಳಿದರು.

ಈಗ ನಮ್ಮ ಕಡೆಯದೇ ಒಂದು ಸ್ಯಾಂಪಲ್ ತೆಗೆದುಕೊಳ್ಳೋಣ. ಬಾಗಲಕೋಟೆ ಸೀಮೆಯ ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ತೋಟಗಳನ್ನೇ ಕೀಳಿಸಿದ ರೋಗ ಅದು. ರೋಗದ ದುಂಡಾಣು ಎಲೆಯೊಳಗೆ ಎಲ್ಲಿ ಗುಂಪುಗೂಡುತ್ತದೆ, ನರದ ಸುತ್ತಲೋ, ಪತ್ರರಂಧ್ರದ ಕೆಳಗಿನ ಖಾಲಿ ಜಾಗದಲ್ಲೋ? ಇದನ್ನು 3ಡಿಯಲ್ಲಿ ನೋಡಬೇಕು ಅನ್ನುವುದು ಒಳ್ಳೆಯ ಪ್ರಶ್ನೆ. ಆದರೆ ಹಸಿ ಎಲೆಯನ್ನು ಹಾಗೇ ಇಟ್ಟರೆ ಬರುವುದು ಬರೀ ಮಂಜು.

ಕಾರಣ ಎಲೆಯ ಒಳಗೇ ಇದೆ. ಎಲೆಯಲ್ಲಿ ಕೋಶಗಳ ನಡುವೆ ಗಾಳಿ ತುಂಬಿದ ಸಂದುಗಳಿವೆ. ಗಾಳಿಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 1, ನೀರಿನದು 1.33, ಕೋಶಭಿತ್ತಿಯದು ಅದಕ್ಕಿಂತ ಜಾಸ್ತಿ. ಒಂದರಿಂದ ಇನ್ನೊಂದಕ್ಕೆ ದಾಟುವಾಗೆಲ್ಲ ಬೆಳಕು ಬಾಗುತ್ತದೆ, ಚದುರುತ್ತದೆ, ಹಾಗಾಗಿ ಹೊರಗೆ ನೀಟಾಗಿದ್ದ ಹಾಳೆ ಎಲೆಯೊಳಗೆ ಹೋಗುತ್ತಿದ್ದಂತೆ ದಪ್ಪಗಾಗಿ ಚೆಲ್ಲಾಪಿಲ್ಲಿಯಾಗುತ್ತದೆ. ಇದರ ಮೇಲೆ ಪತ್ರಹರಿತ್ತು ಬೇರೆ. ಅದು ನೀಲಿ ಬೆಳಕನ್ನು ನುಂಗಿ ತಾನೇ ಕೆಂಪಗೆ ಹೊಳೆಯುತ್ತದೆ. ಲೇಸರ್ ಪವರ್ ಎರಡು ಪಟ್ಟು ಮಾಡಿದರೆ ಚದುರುವ ಬೆಳಕೂ ಎರಡು ಪಟ್ಟು. ಬಣ್ಣ ಮಾಸುವುದು ಮಾತ್ರ ಬೇಗ.

ಆದ್ದರಿಂದ ಮೊದಲ ಕೆಲಸ ಗಾಳಿ ತೆಗೆಯುವುದು. ಎಲೆಯ ಸಣ್ಣ ತುಂಡನ್ನು ಅಂಗಾಂಶ ಕೆಡದಂತೆ ಹಿಡಿದಿಡುವ ಪ್ಯಾರಾಫಾರ್ಮಾಲ್ಡಿಹೈಡ್ ದ್ರಾವಣದಲ್ಲಿಟ್ಟು ವ್ಯಾಕ್ಯೂಮ್ ಕೊಡಿ. ಗುಳ್ಳೆ ಹೊರಬಂದು ತುಂಡು ಮುಳುಗಬೇಕು. ತೇಲುತ್ತಿದ್ದರೆ ಒಳಗೆ ಇನ್ನೂ ಗಾಳಿ ಇದೆ ಅಂತಲೇ ಅರ್ಥ. ಎರಡನೆಯದು ಪಾರದರ್ಶಕ ಮಾಡುವುದು. ಗಿಡಗಳಿಗೆ ನನಗೆ ಹಿಡಿಸಿದ್ದು 2015ರಲ್ಲಿ ಜಪಾನಿನವರು ಪ್ರಕಟಿಸಿದ ಕ್ಲಿಯರ್‌ಸೀ ಅನ್ನುವ ದ್ರಾವಣ. ಕ್ಸೈಲಿಟಾಲ್ 10, ಸೋಡಿಯಂ ಡಿಆಕ್ಸಿಕೋಲೇಟ್ 15, ಯೂರಿಯಾ 25 ಶೇಕಡಾ, ಉಳಿದದ್ದು ನೀರು. ಪತ್ರಹರಿತ್ತು ನಿಧಾನಕ್ಕೆ ಕರಗಿ ಹೋಗುತ್ತದೆ, ಆದರೆ ಜಿಎಫ್‌ಪಿ ಅನ್ನುವ ಹಸಿರಾಗಿ ಹೊಳೆಯುವ ಪ್ರೋಟೀನಿನ ಹೊಳಪು ಉಳಿಯುತ್ತದೆ. ದುಂಡಾಣುವಿಗೆ ಜಿಎಫ್‌ಪಿ ಹಾಕಿ ಗುರುತಿಸಿದವರಿಗೆ ಇದು ದೊಡ್ಡ ಅನುಕೂಲ. ಕೋಶಭಿತ್ತಿಗೆ ಕ್ಯಾಲ್ಕೋಫ್ಲೋರ್ ಬಣ್ಣವನ್ನೂ ಇದರ ಜೊತೆಗೇ ಹಾಕಬಹುದು. ಡೈಬೆಂಜೈಲ್ ಈಥರ್‌ನಂಥ ದ್ರಾವಕಗಳು ಇನ್ನೂ ಚೆನ್ನಾಗಿ ಪಾರದರ್ಶಕ ಮಾಡುತ್ತವೆ, ನಿಜ. ಆದರೆ ನೀರು ಪೂರ್ತಿ ತೆಗೆಯಬೇಕು, ಜಿಎಫ್‌ಪಿ ಹೊಳಪು ಬೇಗ ಹೋಗುತ್ತದೆ. ಡಿಆಕ್ಸಿಕೋಲೇಟ್ ಪುಡಿ ತೂಗುವಾಗ ಮಾಸ್ಕ್ ಹಾಕಿಕೊಳ್ಳಿ, ಮೂಗು ಗಂಟಲು ಉರಿಯುತ್ತದೆ. ಎಳೆ ಎಲೆಗೆ ಕೆಲವು ದಿನ ಸಾಕು, ಬಲಿತ ಎಲೆಗೆ ವಾರಗಳೇ ಬೇಕು. ದ್ರಾವಣ ಹಸಿರಾದಾಗೆಲ್ಲ ಬದಲಿಸಿ. ಬೆಂಗಳೂರಿನ ಮೆಷಿನ್ ಸ್ಲಾಟ್ ಹತ್ತಿರ ಬಂತು ಅಂತ ಅರ್ಧಕ್ಕೇ ನಿಲ್ಲಿಸಬೇಡಿ, ದಯವಿಟ್ಟು. ಸ್ಲಾಟನ್ನೇ ಮುಂದೂಡಿ.

ಇನ್ನು ಹಾಳೆಯ ದಪ್ಪದ ಮಾತು. "ಸರ್, ಶೀಟ್ ಇನ್ನೂ ತೆಳ್ಳಗ ಮಾಡಿಸ್ರಿ, ಚೊಲೋ ಕಾಣ್ತದ" ಅಂತ ಹುಡುಗರು ಕೇಳುತ್ತಾರೆ. ತೆಳ್ಳಗೆ ಮಾಡಿಸಬಹುದು. ಆದರೆ ಲೇಸರ್ ಕಿರಣ ತೆಳುವಾದಷ್ಟೂ ಬೇಗ ಅಗಲವಾಗುತ್ತದೆ, ಇದು ಬೆಳಕಿನ ಸ್ವಭಾವ, ಯಾವ ಕಂಪನಿಯ ಮೆಷಿನ್ ಆದರೂ ಅಷ್ಟೇ. 488 ನ್ಯಾನೊಮೀಟರಿನ ನೀಲಿ ಲೇಸರ್, ನೀರಿನೊಳಗೆ ಅಂತ ಇಟ್ಟುಕೊಳ್ಳಿ. ಹಾಳೆ 4 ಮೈಕ್ರೊಮೀಟರ್ ದಪ್ಪ ಇದ್ದರೆ ಸುಮಾರು 70 ಮೈಕ್ರೊಮೀಟರ್ ಉದ್ದಕ್ಕೆ ತೆಳುವಾಗಿ ಉಳಿಯುತ್ತದೆ. 8 ಮಾಡಿದರೆ ಆ ಉದ್ದ ಸುಮಾರು 275ಕ್ಕೆ ಏರುತ್ತದೆ. 2ಕ್ಕೆ ಇಳಿಸಿದರೆ ಬರೀ 17. ದಪ್ಪ ಅರ್ಧ ಮಾಡಿದರೆ ಉದ್ದ ಕಾಲು ಭಾಗಕ್ಕೆ ಬೀಳುತ್ತದೆ, ಅಂಚುಗಳಲ್ಲಿ ಮಸುಕು ಶುರುವಾಗುತ್ತದೆ.

ಹಾಗಾಗಿ ಮೊದಲು ನಿಮ್ಮ ಪ್ರಶ್ನೆ ಏನು ಅಂತ ಗಟ್ಟಿ ಮಾಡಿಕೊಳ್ಳಿ. ಒಂದು ದುಂಡಾಣುವಿನ ಗಾತ್ರ 1 ಮೈಕ್ರೊಮೀಟರಿನ ಆಸುಪಾಸು. ಅವನ್ನು ಒಂದೊಂದಾಗಿ ಎಣಿಸಬೇಕು ಅಂದರೆ ಚಿಕ್ಕ ಜಾಗ ಆರಿಸಿಕೊಂಡು ಕಾನ್‌ಫೋಕಲ್‌ಗೆ ಹೋಗಿ, ಅದೇ ಸರಿ. ಗುಂಪು ಎಲ್ಲಿದೆ, ನರದಿಂದ ಎಷ್ಟು ದೂರ, ಎಷ್ಟು ಆಳದಲ್ಲಿದೆ ಅನ್ನುವುದಾದರೆ 8 ಮೈಕ್ರೊಮೀಟರಿನ ಹಾಳೆ ಧಾರಾಳವಾಗಿ ಸಾಕು, ಎಲೆಯ ಒಳ್ಳೆಯ ಅಗಲವೂ ಸಿಗುತ್ತದೆ. ಎರಡೂ ಬೇಕು ಅನ್ನುವವರಿಗೆ ದಾರಿಗಳಿವೆ. ಕಿರಣದ ತೆಳು ಭಾಗವನ್ನೇ ಸ್ಯಾಂಪಲಿನ ಉದ್ದಕ್ಕೂ ಓಡಿಸಿ, ಅದರ ಜೊತೆಗೇ ಕ್ಯಾಮೆರಾದ ಸಾಲುಗಳನ್ನೂ ತೆರೆಯುತ್ತಾ ಹೋಗುವ ಮೆಷಿನ್‌ಗಳು ಬಂದಿವೆ. 2014ರಲ್ಲಿ ಬೆಟ್ಸಿಗ್ ತಂಡ ತಂದ ಲ್ಯಾಟಿಸ್ ಲೈಟ್ ಶೀಟ್ ಇನ್ನೂ ತೆಳು, ಆದರೆ ಅದು ಹೇಳಿ ಮಾಡಿಸಿದ್ದು ಬಿಡಿ ಕೋಶಗಳಿಗೆ. ಎಲೆಯಂಥ ದಪ್ಪ ಅಂಗಾಂಶಕ್ಕೆ ಅದನ್ನು ಕೇಳಬೇಡಿ.

ಪದರದಿಂದ ಪದರಕ್ಕೆ ಸರಿಸುವ ಹೆಜ್ಜೆ ಹಾಳೆಯ ದಪ್ಪದ ಅರ್ಧದಷ್ಟಿರಲಿ. ಅದಕ್ಕಿಂತ ದೊಡ್ಡದಾದರೆ ನಡುವಿನ ಮಾಹಿತಿ ಬಿಟ್ಟುಹೋಗುತ್ತದೆ. ತೀರಾ ಚಿಕ್ಕದಾದರೆ ಸುಮ್ನೆ ಫೈಲ್ ಉಬ್ಬುತ್ತದೆ.

ಅಡ್ಡಡ್ಡ ಕಪ್ಪು ಗೆರೆಗಳು ಬರುತ್ತವಲ್ಲ, ಅವು ನೆರಳು. ದಪ್ಪ ನರವೋ ಗುಳ್ಳೆಯೋ ಹಾಳೆಗೆ ಅಡ್ಡ ನಿಂತಿರುತ್ತದೆ. ಎರಡೂ ಕಡೆಯಿಂದ ಬೆಳಕು ಕೊಡಿಸಿ. ಹಾಳೆಯನ್ನು ಸ್ವಲ್ಪ ಆಚೀಚೆ ಓಲಾಡಿಸುವ ಸೌಲಭ್ಯ ಇದ್ದರೆ ಕೇಳಿ ಹಾಕಿಸಿಕೊಳ್ಳಿ, 2007ರಿಂದಲೇ ಇರುವ ಉಪಾಯ ಅದು. ಗೆರೆ ಅಳಿಸುವ ಸಾಫ್ಟ್‌ವೇರ್ ಇದೆ, ಆದರೆ ಹೊಳಪು ಅಳೆಯಬೇಕಾದ ಚಿತ್ರಕ್ಕೆ ಅದನ್ನು ಬಳಸುವುದು ನನಗೆ ಒಪ್ಪಿಗೆಯಿಲ್ಲ. ಅದು ಅಳತೆಯನ್ನೇ ಬದಲಿಸುತ್ತದೆ.

ಸ್ಯಾಂಪಲ್ ಕೂರಿಸುವ ವಿಷಯದಲ್ಲಿ ನಮ್ಮ ಊರುಗಳ ಹವೆಯನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಸ್ಯಾಂಪಲನ್ನು ಕಡಿಮೆ ಶಾಖಕ್ಕೆ ಕರಗುವ, ಜೆಲ್ಲಿಯಂಥ ಅಗರೋಸ್‌ನಲ್ಲಿ, 1ರಿಂದ 1.5 ಶೇಕಡಾ, ಕೂರಿಸುತ್ತೇವೆ. ಅದು ಗಟ್ಟಿಯಾಗುವುದು 30 ಡಿಗ್ರಿಗಿಂತ ಕೆಳಗೆ. ವಿಜಯಪುರದಲ್ಲಿ ಮೇ ತಿಂಗಳು ಬಿಸಿಲು 40 ದಾಟಿರುವಾಗ ಎಸಿ ಇಲ್ಲದ ಕೋಣೆಯ ಮೇಜಿನ ಮೇಲೆ ಇಟ್ಟು ಕಾದರೆ ಅದು ಗಟ್ಟಿಯಾಗುವುದೇ ಇಲ್ಲ, ಎಲೆ ಜಾರಿ ತಳಕ್ಕೆ ಹೋಗುತ್ತದೆ. ಐಸ್ ಮೇಲೆ ಇಡಿ. ಒಮ್ಮೆ ಗಟ್ಟಿಯಾದ ಮೇಲೆ ನಮ್ಮ ಬಿಸಿಲಿಗೆ ಮತ್ತೆ ಕರಗುವುದಿಲ್ಲ, ಅದಕ್ಕೆ ಸುಮಾರು 65 ಡಿಗ್ರಿ ಬೇಕು. ಕೂರಿಸಿದ ಅಗರೋಸನ್ನೂ ಕ್ಲಿಯರ್‌ಸೀಯಲ್ಲೇ ನೆನೆಸಿ. ಎಲೆ ಪಾರದರ್ಶಕ ಇದ್ದು ಅದರ ಸುತ್ತ ನೀರಿನ ಅಗರೋಸ್ ಇದ್ದರೆ, ಆ ಗಡಿಯಲ್ಲೇ ಬೆಳಕು ಮತ್ತೆ ಬಾಗುತ್ತದೆ.

ಅಗರೋಸಿಗೆ ಚೂರು ಫ್ಲೋರೊಸೆನ್ಸ್ ಮಣಿಗಳನ್ನು ಸೇರಿಸಿ, 1 ಮೈಕ್ರೊಮೀಟರ್ ಒಳಗಿನವು. ಇವುಗಳಿಂದ ಎರಡು ಲಾಭ. ಹಾಳೆ ಕ್ಯಾಮೆರಾದ ಫೋಕಸ್ ಮೇಲೇ ಕೂತಿದೆಯೋ ಇಲ್ಲವೋ ಅಂತ ಮಣಿ ನೋಡಿದರೆ ಕೂಡಲೇ ಗೊತ್ತಾಗುತ್ತದೆ. ಆಮೇಲೆ ಎಲೆಯನ್ನು ತಿರುಗಿಸಿ ಬೇರೆ ಬೇರೆ ಕೋನದಿಂದ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಲು ಫಿಜಿ ಅನ್ನುವ ಚಿತ್ರ ಸಾಫ್ಟ್‌ವೇರಿನೊಳಗಿನ ಬಿಗ್‌ಸ್ಟಿಚರ್ ಇವೇ ಮಣಿಗಳನ್ನು ಹಿಡಿದುಕೊಳ್ಳುತ್ತದೆ. ಎರಡೂ ಉಚಿತ ಸಾಫ್ಟ್‌ವೇರ್. ಆಳದ ದಿಕ್ಕಿನಲ್ಲಿ ಚಿತ್ರ ಯಾವಾಗಲೂ ಸ್ವಲ್ಪ ಉದ್ದುದ್ದ ಎಳೆದಂತೆ ಇರುತ್ತದೆ. ಆ ದೋಷ ತಗ್ಗಿಸಲು ಹಲವು ಕೋನದಿಂದ ತೆಗೆಯುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಟ್ಯೂಬನ್ನು ಪ್ಯಾರಾಫಿಲ್ಮ್ ಸುತ್ತಿ, ಮೇಲೆ ಫಾಯಿಲ್ ಹಾಕಿ ಬಸ್ಸು ಹತ್ತಿ. ದ್ರಾವಣದ ನೀರು ಆರಿದರೆ ಸೂಚ್ಯಂಕ ಬದಲಾಗುತ್ತದೆ. ದ್ರಾವಣದ ಹೆಸರು, ದಿನಾಂಕ, ಯಾವ ಬಣ್ಣ, ಯಾವ ಲೇಸರ್ ಬೇಕು ಅಂತ ಟ್ಯೂಬಿನ ಮೇಲೇ ಬರೆಯಿರಿ. ಅಲ್ಲಿಯ ಆಪರೇಟರ್‌ಗೆ ಮುಂಚೆಯೇ ಮೇಲ್ ಮಾಡಿ, ಅವರ ಲೆನ್ಸ್ ಆ ದ್ರಾವಣಕ್ಕೆ ಆಗುತ್ತದೆಯೇ ಅಂತ ಕೇಳಿಕೊಳ್ಳಿ. ಒಳ್ಳೆಯ ಹಾರ್ಡ್ ಡಿಸ್ಕ್ ಒಯ್ಯಿರಿ. 2048 × 2048 ಪಿಕ್ಸೆಲ್, 16 ಬಿಟ್ ಅಂದರೆ ಒಂದು ಪದರಕ್ಕೆ 8 ಎಂಬಿ. 300 ಮೈಕ್ರೊಮೀಟರ್ ದಪ್ಪದ ತುಂಡಿಗೆ 4 ಮೈಕ್ರೊಮೀಟರ್ ಹೆಜ್ಜೆ ಇಟ್ಟರೆ 75 ಪದರ. ಎರಡು ಬಣ್ಣ, ನಾಲ್ಕು ಕೋನ ಅಂದರೆ ಒಂದೇ ಎಲೆತುಂಡಿಗೆ ಸುಮಾರು 5 ಜಿಬಿ. ರಿಪೀಟ್‌ಗಳನ್ನೂ ಸೇರಿಸಿ ಲೆಕ್ಕ ಹಾಕಿಕೊಳ್ಳಿ. ಬೆಂಗಳೂರಿನಿಂದ ಹೊರಡುವ ಮುಂಚೆ ಮೂಲ ಫೈಲುಗಳ ಎರಡನೇ ಪ್ರತಿ ಮಾಡಿ, ಅಲ್ಲೇ ಒಂದೆರಡನ್ನು ತೆರೆದು ನೋಡಿ.