ಪರದೆ ಬಟ್ಟೆಯ ರಾಜರಿಂದ ಬಿಲ್ಲೆ ನೇಯ್ಗೆಯ ಪಟ್ಟಿಯವರೆಗೆ

ಯುರೋಪಿನ ಮಧ್ಯಯುಗವನ್ನು ಆಡಿ ಅನುಭವಿಸುವ ಅಮೆರಿಕದ ದೊಡ್ಡ ಬಳಗವಾದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ, ಚಿಕ್ಕದಾಗಿ ಎಸ್‌ಸಿಎ, ನಡೆಸುವ ಕೂಟಗಳಿಗೆ ಹೋಗುವವರು ಕತ್ತಿವರಸೆ ಕಲಿತಿರಬೇಕೆಂದಿಲ್ಲ, ಲ್ಯಾಟಿನ್ ಬಲ್ಲವರಾಗಿರಬೇಕೆಂದೂ ಇಲ್ಲ. ಉಡುಪಿನ ವಿಷಯದಲ್ಲಿ ಮಾತ್ರ ಒಂದು ಷರತ್ತು ಇದೆ: 17ನೆಯ ಶತಮಾನಕ್ಕಿಂತ ಹಿಂದಿನ ಉಡುಪನ್ನು ತೊಡುವ ಪ್ರಯತ್ನವನ್ನಾದರೂ ಮಾಡಿರಬೇಕು. ‘ಪ್ರಯತ್ನ’ ಎಂಬ ಮಾತನ್ನು ನಿಯಮದೊಳಗೆ ಸೇರಿಸಿದವರ ಮನಸ್ಸಿನಲ್ಲಿ ಹೊಸಬರ ಮೇಲಿನ ಔದಾರ್ಯವೇ ಇದ್ದಿರಬೇಕು. ಆದರೆ ಬಟ್ಟೆಯ ಬಗ್ಗೆ ಈ ಬಳಗದಲ್ಲಿ ಆರು ದಶಕಗಳಿಂದ ನಡೆದಿರುವ ಕಲಿಕೆ, ಸಂಭ್ರಮ, ಮನಸ್ತಾಪಗಳೆಲ್ಲ ಎಷ್ಟು ಮಾಡಿದರೆ ಅದು ಪ್ರಯತ್ನವೆನಿಸುತ್ತದೆ ಎಂಬ ಪ್ರಶ್ನೆಗೇ ಬಂದು ನಿಲ್ಲುತ್ತವೆ.

ಈ ಬಳಗ ಹುಟ್ಟಿದ್ದು 1966ರ ಮೇ 1ರಂದು, ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ, ಮಧ್ಯಯುಗದ ಸಾಹಿತ್ಯದಲ್ಲಿ ಆಸಕ್ತರಾಗಿದ್ದ ಡಯಾನಾ ಪ್ಯಾಕ್ಸನ್ ಅವರ ಮನೆಯ ಹಿತ್ತಿಲಿನಲ್ಲಿ. ಸ್ನೇಹಿತರು ಕೈಗೆ ಸಿಕ್ಕ ಬಟ್ಟೆಯಲ್ಲಿ ವೇಷ ಕಟ್ಟಿಕೊಂಡು ಬಂದು ಕತ್ತಿ ಗುರಾಣಿಗಳ ಪಂದ್ಯವಾಡಿದರು, ಆಮೇಲೆ 20ನೆಯ ಶತಮಾನವನ್ನೇ ಪ್ರತಿಭಟಿಸುತ್ತ ಬೀದಿಯಲ್ಲಿ ಮೆರವಣಿಗೆ ಹೊರಟರು. ತಮಾಷೆಗೆಂದು ಶುರುವಾದದ್ದು ನಿಂತುಹೋಗಲಿಲ್ಲ. 1968ರ ಹೊತ್ತಿಗೆ ಅದು ನೋಂದಾಯಿತ ಸಂಸ್ಥೆಯಾಯಿತು. ಇಂದು ಅದರಲ್ಲಿ ‘ಸಾಮ್ರಾಜ್ಯ’ಗಳೆಂದು ಕರೆದುಕೊಳ್ಳುವ 20 ಪ್ರಾಂತಗಳಿದ್ದು, ಪಂದ್ಯದಲ್ಲಿ ಗೆದ್ದವರು ಕೆಲವು ತಿಂಗಳ ಮಟ್ಟಿಗೆ ರಾಜರಾಗುತ್ತಾರೆ. ಹೋರಾಟದಲ್ಲಿ ಪಳಗಿದವರಿಗೆ ನೈಟ್ ಪದವಿಯಿರುವಂತೆ ಕಲೆ ಮತ್ತು ಕುಶಲಕರ್ಮಗಳಲ್ಲಿ ಪಳಗಿದವರಿಗೆ ಲಾರೆಲ್ ಎಂಬ ಪದವಿಯಿದೆ, ಎರಡರ ಅಂತಸ್ತೂ ಒಂದೇ. ನೂಲುವವರನ್ನೂ ಹೊಲಿಯುವವರನ್ನೂ ಕತ್ತಿ ಹಿಡಿದವರ ಸಾಲಿನಲ್ಲೇ ಕೂರಿಸಿದ ಈ ಏರ್ಪಾಡು ಇಲ್ಲದೆ ಹೋಗಿದ್ದರೆ ಮುಂದಿನ ಕಥೆ ಬಹುಶಃ ಬೇರೆಯಾಗುತ್ತಿತ್ತು.

ಆರಂಭದ ವರ್ಷಗಳ ಉಡುಪುಗಳನ್ನು ಈಗಿನವರು ಪ್ರೀತಿಯಿಂದಲೇ ಗೇಲಿ ಮಾಡುತ್ತಾರೆ. ಹಾಸಿಗೆಯ ಹೊದಿಕೆ, ಕಿಟಕಿಯ ಪರದೆ, ಮಖಮಲ್ಲಿನಂತೆ ಹೊಳೆಯುವ ಕೃತಕ ನೂಲಿನ ಬಟ್ಟೆಗಳೇ ಅಂದಿನ ಬಂಡವಾಳ, ಬೆನ್ನಿಗೊಂದು ಜಿಪ್. ಹೊಲಿಯುವವರು ಆಗ ನೆಚ್ಚಿಕೊಳ್ಳಬಹುದಾಗಿದ್ದದ್ದು ನಾಟಕದ ವೇಷಭೂಷಣಗಳ ಪುಸ್ತಕಗಳನ್ನು, 19ನೆಯ ಶತಮಾನದ ಚಿತ್ರಕಾರರು ಗೋರಿಯ ಪ್ರತಿಮೆಗಳನ್ನೂ ಹಸ್ತಪ್ರತಿಯ ಚಿತ್ರಗಳನ್ನೂ ನೋಡಿ ತಮ್ಮ ಅಭಿರುಚಿಗೆ ತಕ್ಕಂತೆ ತಿದ್ದಿ ಬರೆದ ರೇಖಾಚಿತ್ರಗಳನ್ನು. ಬಟ್ಟೆ ಮೈಮೇಲೆ ಹೇಗೆ ಇಳಿಬಿದ್ದಿತ್ತೆಂದು ಚಿತ್ರ ತೋರಿಸೀತು. ಅದನ್ನು ಎಲ್ಲಿ ಕತ್ತರಿಸಿ ಎಲ್ಲಿ ಜೋಡಿಸಿದ್ದರೆಂದು ತೋರಿಸಲಾರದು.

ಬದಲಾವಣೆಗೆ ವಿದ್ವತ್ತಿಗಿಂತ ಮೊದಲು ಕಾರಣವಾದದ್ದು ಬೆವರು ಮತ್ತು ಬೆಂಕಿ ಎಂದರೆ ತಪ್ಪಾಗಲಾರದು. 1972ರಲ್ಲಿ ಆರಂಭವಾಗಿ, ಈಗ ಪೆನ್ಸಿಲ್ವೇನಿಯಾದ ಸ್ಲಿಪರಿ ರಾಕ್ ಬಳಿ ಪ್ರತಿ ಬೇಸಿಗೆ ಸುಮಾರು ಎರಡು ವಾರ ನಡೆಯುವ ‘ಪೆನ್ಸಿಕ್ ಯುದ್ಧ’ವೆಂಬ ಈ ಬಳಗದ ಕೂಟಕ್ಕೆ 10,000ಕ್ಕೂ ಹೆಚ್ಚು ಜನ ಸೇರುತ್ತಾರೆ. ಆಗಸ್ಟಿನ ಸೆಕೆಯಲ್ಲಿ ಪಾಲಿಯೆಸ್ಟರ್ ನಿಲುವಂಗಿ ತೊಟ್ಟು ಡೇರೆಯಲ್ಲಿ ಬದುಕುವುದು ಎಷ್ಟು ಕಷ್ಟವೆಂದು ಅರಿಯಲು ಗ್ರಂಥಾಲಯಕ್ಕೆ ಹೋಗಬೇಕಿಲ್ಲ. ಕಿಡಿ ಬಿದ್ದರೆ ಉಣ್ಣೆ ಕಮರಿ ಆರಿಹೋಗುತ್ತದೆ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಒಳಗೆ ಅಗಸೆ ನಾರಿನ ಲಿನನ್ ಅಂಗಿ, ಮೇಲೆ ಉಣ್ಣೆಯ ನಿಲುವಂಗಿ ತೊಡುತ್ತಿದ್ದ ಹಳಬರ ಲೆಕ್ಕಾಚಾರ ಹೀಗೆ ಮೈಗೇ ಅರ್ಥವಾಯಿತು.

ಕತ್ತರಿಯ ಗುಟ್ಟು ಸಿಕ್ಕಿದ್ದು ಮಣ್ಣಿನಲ್ಲಿ. ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯ ಹೆರ್ಯೋಲ್ಫ್ಸ್‌ನೆಸ್‌ನಲ್ಲಿ ನಾರ್ಸ್ ವಲಸಿಗರ ಹಳೆಯ ಚರ್ಚೊಂದರ ಸ್ಮಶಾನವನ್ನು ಕಡಲು ಕೊರೆಯುತ್ತಿತ್ತು. ಡೆನ್ಮಾರ್ಕಿನ ಪೌಲ್ ನೋರ್ಲುಂಡ್ 1921ರಲ್ಲಿ ಅಲ್ಲಿ ಅಗೆದಾಗ, ಹೆಪ್ಪುಗಟ್ಟಿದ ನೆಲದಲ್ಲಿ ಕೊಳೆಯದೆ ಉಳಿದ ಇಡಿಯ ಉಡುಪುಗಳು ದೊರೆತವು. ಮರವೇ ವಿರಳವಾದ ಆ ನಾಡಿನಲ್ಲಿ ಶವಪೆಟ್ಟಿಗೆಯ ಬದಲು ಹೆಣವನ್ನು ಬಟ್ಟೆಯಲ್ಲಿ ಸುತ್ತಿ ಹೂಳುತ್ತಿದ್ದರು. ಹಾಗಾಗಿ ನಮಗೆ ಉಳಿದದ್ದು ಅರಸರ ಜರಿ ಪೋಷಾಕಲ್ಲ, ರೈತಾಪಿ ಜನ ದಿನವೂ ತೊಟ್ಟು ಸವೆಸಿದ, ತೇಪೆ ಬಿದ್ದ ನಿಲುವಂಗಿಗಳು. 1924ರಲ್ಲಿ ಅವುಗಳ ವಿವರ ನಕ್ಷೆಗಳ ಸಮೇತ ಅಚ್ಚಾಯಿತು. ಹೊಲಿಯುವ ಹವ್ಯಾಸಿಗಳ ಕೈಗೆ ಅದು ವ್ಯಾಪಕವಾಗಿ ಸಿಗಲು ಮತ್ತೆ ಹಲವು ದಶಕಗಳು ಬೇಕಾದವು.

ಆ ನಿಲುವಂಗಿಯನ್ನು ಹತ್ತಿರದಿಂದ ನೋಡಬೇಕು. ಮುಂದೊಂದು, ಹಿಂದೊಂದು ಉದ್ದನೆಯ ತುಂಡು. ಅವುಗಳ ನಡುವೆ, ಸೊಂಟದ ಆಸುಪಾಸಿನಿಂದ ಕೆಳಗೆ ಹರಡಿಕೊಳ್ಳುವಂತೆ, ಮುಂಭಾಗಕ್ಕೂ ಹಿಂಭಾಗಕ್ಕೂ ಎರಡು ಪಕ್ಕೆಗಳಿಗೂ ಸೇರಿಸಿದ ತ್ರಿಕೋನದ ತುಂಡುಗಳು. ಮೇಲೆ ಮೈಗೆ ಹತ್ತಿ ಕೂರುವ ಅಂಗಿ, ಕೆಳಗೆ ನಡಿಗೆಗೆ ತಡೆಯೊಡ್ಡದ ನೆರಿಗೆಯಿಲ್ಲದ ಘೇರು. ಅಂಚು ಜೂಲು ಬಿಡದಂತೆ, ಹೊರಗೆ ಸ್ವಲ್ಪವೂ ಕಾಣದ ಹಾಗೆ, ಒಳಮಗ್ಗುಲಲ್ಲಿ ಸಾಲು ಸಾಲಾಗಿ ಎಳೆದ ಸಾಸಿವೆಯಷ್ಟು ಪುಟ್ಟ ಹೊಲಿಗೆಗಳು. ಇದರ ಒಂದು ನಕಲನ್ನು ಕೈಯಲ್ಲೇ ಹೊಲಿದು ಮುಗಿಸಿದವರು ಮತ್ತೆ ಪರದೆ ಬಟ್ಟೆಗೆ ಮರಳುವುದು ಅಪರೂಪ.

ಇದರ ಜೊತೆಗೆ 1973ರಲ್ಲಿ ಟೊರಾಂಟೊದ ರಾಯಲ್ ಆಂಟೇರಿಯೊ ಮ್ಯೂಸಿಯಂನ ಡೊರೊಥಿ ಬರ್ನ್‌ಹ್ಯಾಮ್ ಒಂದು ಪುಟ್ಟ ಪುಸ್ತಕದಲ್ಲಿ ಸರಳವಾದ, ಆದರೆ ಕಣ್ಣು ತೆರೆಸುವ ಮಾತನ್ನು ಹೇಳಿದರು: ಹಳೆಯ ಅಂಗಿಗಳ ಕತ್ತರಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದುದು ಮಗ್ಗದ ಅಗಲ. ನೂತು ನೇಯ್ದ ಬಟ್ಟೆ ದುಬಾರಿ, ಚೂರೂ ವ್ಯರ್ಥವಾಗಬಾರದು. ಆದ್ದರಿಂದಲೇ ಆಯತಗಳು, ಒಂದನ್ನೊಂದು ತಲೆಕೆಳಗು ಮಾಡಿ ಹೊಂದಿಸಿದ ತ್ರಿಕೋನಗಳು, ಕಂಕುಳಲ್ಲಿ ಒಂದು ಪುಟ್ಟ ಚೌಕ. ಕಿರಿದಗಲದ ಪಟ್ಟಿಗಳನ್ನು ಕೂಡಿಸಿ ಹೊಲಿದ ನಮ್ಮ ಕುರುಬರ ಕಂಬಳಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂದಿಗೂ ಎಸ್‌ಸಿಎಗೆ ಹೊಸದಾಗಿ ಸೇರಿದವರಿಗೆ ಕಲಿಸುವ ಮೊದಲ ಅಂಗಿ ಸಾಮಾನ್ಯವಾಗಿ ಈ ಆಯತ ತ್ರಿಕೋನಗಳ ಲೆಕ್ಕದ್ದೇ.

ಹೊಲಿಗೆ ಕಲಿತವರಿಗೆ ಬಟ್ಟೆಯ ಮೇಲೆ, ಬಟ್ಟೆ ಬಲ್ಲವರಿಗೆ ನೂಲಿನ ಮೇಲೆ ಕಣ್ಣು ಬೀಳುವುದು ಸಹಜ. ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್ ಉತ್ಖನನದಲ್ಲಿ ಸಿಕ್ಕ 10ನೆಯ ಶತಮಾನದ ಉಣ್ಣೆಯ ಕಾಲುಚೀಲವೊಂದು ಹೆಣಿಗೆಯ ಎರಡು ಕಡ್ಡಿಗಳಿಂದ ಆದದ್ದಲ್ಲ. ನೋಲ್‌ಬೈಂಡಿಂಗ್ ಎಂಬ, ಅದಕ್ಕಿಂತ ಹಳೆಯ ವಿದ್ಯೆಯಿಂದ ಆದದ್ದು. ಮೂಳೆಯದೋ ಮರದ್ದೋ ಒಂದೇ ಮೊಂಡು ಸೂಜಿ, ಹೆಬ್ಬೆರಳ ಮೇಲೆ ಒಂದೆರಡು ಕುಣಿಕೆ. ಪ್ರತಿ ಕುಣಿಕೆಗೂ ದಾರವನ್ನು ಪೂರ್ತಿ ಎಳೆದು ಹಾಯಿಸಬೇಕಾದ್ದರಿಂದ ಉಂಡೆಯಿಂದ ನೇರವಾಗಿ ಹೆಣೆಯಲಾಗದು, ಮಾರುದ್ದದ ತುಂಡುಗಳೇ ಬೇಕು. ತುಂಡು ಮುಗಿದಾಗ ಅದರ ತುದಿಯನ್ನೂ ಹೊಸ ತುಂಡಿನ ತುದಿಯನ್ನೂ ಬಿಡಿಸಿ, ಎಂಜಲು ಹಚ್ಚಿ, ಅಂಗೈಗಳ ನಡುವೆ ಉಜ್ಜಿದರೆ ಉಣ್ಣೆ ಬೆಸೆದುಕೊಳ್ಳುತ್ತದೆ. ಗಂಟಿಲ್ಲ. ನಡುವೆ ಕತ್ತರಿಸಿದರೂ ಬಿಚ್ಚಿಕೊಳ್ಳುವುದಿಲ್ಲ.

ಇನ್ನೊಂದು ವಿದ್ಯೆ, ಕಿರಿದಾದ ಪಟ್ಟಿಗಳನ್ನು ನೇಯುವ ಬಿಲ್ಲೆ ನೇಯ್ಗೆ. ಮೂಲೆಗೊಂದು ತೂತಿರುವ ಚೌಕ ಬಿಲ್ಲೆಗಳಿಗೆ ತಲಾ ನಾಲ್ಕು ಹಾಸು ಎಳೆಗಳನ್ನು ಪೋಣಿಸಿ, ಇಸ್ಪೀಟಿನ ಕಟ್ಟಿನಂತೆ ಜೋಡಿಸಿ, ಕಾಲು ಸುತ್ತು ತಿರುಗಿಸಿದರೆ ಎಳೆಗಳ ನಡುವೆ ಹೊಸ ದಾರಿ ತೆರೆದುಕೊಳ್ಳುತ್ತದೆ. ಹೊಕ್ಕಿನ ನೂಲನ್ನು ಹಾಯಿಸಿ, ಬಿಗಿದು, ಮತ್ತೆ ತಿರುಗಿಸಬೇಕು. ತಿರುಗಿಸಿದಷ್ಟೂ ಬಿಲ್ಲೆಗಳ ಹಿಂದೆ ಹುರಿ ಸುತ್ತಿಕೊಳ್ಳುತ್ತ ಹೋಗುತ್ತದೆ, ಆಗ ತಿರುವನ್ನು ಹಿಮ್ಮುಖ ಮಾಡದೆ ಗತಿಯಿಲ್ಲ. ಮಗ್ಗ ಬೇಡದ, ಮರದ ಗೂಟಕ್ಕೂ ಸೊಂಟಕ್ಕೂ ಬಿಗಿದು ಕೂತರೆ ನಡೆಯುವ ನೇಯ್ಗೆಯಿದು, ಡೇರೆಯ ಬದುಕಿಗೆ ಹೇಳಿ ಮಾಡಿಸಿದಂತಿದೆ. ನಾರ್ವೆಯಲ್ಲಿ 834ರಲ್ಲಿ ಹೂಳಲಾದ ಓಸೆಬರ್ಗ್ ಹಡಗನ್ನು 1904ರಲ್ಲಿ ಅಗೆದು ತೆಗೆದಾಗ, ಪೋಣಿಸಿದ ನೂಲಿನ ಸಮೇತ 52 ಬಿಲ್ಲೆಗಳು ಅದರೊಳಗೆ ಸಿಕ್ಕಿದ್ದವು.

ನೂಲುವ ವಿಷಯದಲ್ಲಿ ಒಂದು ವಿಚಿತ್ರವಿದೆ. ಯುರೋಪಿನಲ್ಲಿ ಚರಕ ಬಳಕೆಗೆ ಬಂದದ್ದು 13ನೆಯ ಶತಮಾನದ ಸುಮಾರಿಗೆ, ಅದೂ ಪೂರ್ವದ ಕಡೆಯಿಂದ. 1280ರ ಹೊತ್ತಿಗೆ ಜರ್ಮನಿಯ ಸ್ಪೈಯರ್ ನಗರದ ಬಟ್ಟೆ ವ್ಯಾಪಾರಿಗಳ ಸಂಘ ಚರಕದ ನೂಲನ್ನು ಹೊಕ್ಕಿಗೆ ಬಳಸಬಹುದು, ಹಾಸು ಎಳೆಗಳಿಗೆ ಕೂಡದು ಎಂದು ಕಟ್ಟುಮಾಡಿತ್ತು. ಹಾಗಾಗಿ ಅದಕ್ಕೂ ಹಿಂದಿನ ಕಾಲದ, ಉತ್ತರ ಯುರೋಪಿನ ಕಡಲಯಾನಿಗಳಾದ ವೈಕಿಂಗರ ವೇಷ ತೊಟ್ಟು ಚರಕದ ಮುಂದೆ ಕೂತವರನ್ನು ಯಾರಾದರೊಬ್ಬರು ತಿದ್ದಿಯೇ ತಿದ್ದುತ್ತಾರೆ. ಆ ಕಾಲಕ್ಕೆ ಸಲ್ಲುವುದು ನಮ್ಮ ತಕಲಿಯಂಥ ಕದಿರು ಮಾತ್ರ. ಭಾರತದಲ್ಲಿ ಚರಕದ ಉಲ್ಲೇಖ ಸ್ಪಷ್ಟವಾಗಿ ಸಿಗುವ ಆರಂಭದ ಪಠ್ಯಗಳಲ್ಲೊಂದು ಕಲಬುರಗಿಯ ಬಹಮನಿ ಸುಲ್ತಾನನ ಆಶ್ರಯದಲ್ಲಿ ಇಸಾಮಿ 1350ರ ಸುಮಾರಿಗೆ ಬರೆದ ಪಾರಸಿ ಕಾವ್ಯ ಎಂಬುದನ್ನು ಇಲ್ಲಿ ನೆನೆಯಬಹುದು.

ಬಣ್ಣ ಹಾಕುವವರ ಲೋಕ ಇನ್ನೂ ದೊಡ್ಡದು. ಪಟಿಕದಲ್ಲಿ ನೆನೆಸಿದ ನೂಲಿಗೆ ನಮ್ಮ ಮಂಜಿಷ್ಠದ ಬಳಗದ ಬೇರಿನಿಂದ ಕೆಂಪು. ವೋಡ್ ಎಂಬ ಗಿಡದ ಎಲೆಯ ತೊಟ್ಟಿಯಿಂದ ಹಳದಿ ಹಸಿರಾಗಿ ಮೇಲೆದ್ದು ಗಾಳಿ ಸೋಕಿದೊಡನೆ ಕಣ್ಣೆದುರೇ ನೀಲಿಗೆ ತಿರುಗುವ ಉಣ್ಣೆ.

ತಿಳಿವಳಿಕೆ ಬೆಳೆದಂತೆ ಇರಿಸುಮುರಿಸೂ ಬೆಳೆಯಿತು. ಎದುರು ಬಂದವರ ಅಂಗಿಯ ಹೊಲಿಗೆಯನ್ನೇ ಪರೀಕ್ಷಿಸುವವರಿಗೆ ‘ಹೊಲಿಗೆ ಎಣಿಸುವವರು’ ಎಂಬ ಅಡ್ಡಹೆಸರು ಬಿತ್ತು. ಒಳಗೆ ಕಾಣದ ಹೊಲಿಗೆಗೆ ಯಂತ್ರ ಬಳಸಿದರೆ ತಪ್ಪೇನು ಎಂದು ಒಂದು ಪಕ್ಷ ಕೇಳಿದರೆ, ಕಾಣದ್ದೇ ತಾನೆ ಕಲಿಯಬೇಕಾದ್ದು ಎನ್ನುತ್ತದೆ ಇನ್ನೊಂದು. ಈ ಗೋಜಲಿನಿಂದ ಹೊರಬರಲು ಬಳಗ ಕಂಡುಕೊಂಡ ದಾರಿ ನನಗೆ ಮೆಚ್ಚುಗೆಯಾಗುತ್ತದೆ. ಕಲಾ ಸ್ಪರ್ಧೆಗಳಿಗೆ ವಸ್ತುವಿನ ಜೊತೆ ಬರಹವೊಂದನ್ನೂ ಕೊಡಬೇಕು: ಆಧಾರ ಯಾವುದು, ಯಾವ ಸಾಮಗ್ರಿ, ಎಲ್ಲಿ ಮೂಲವನ್ನು ಬಿಟ್ಟು ನಡೆದಿದ್ದೇನೆ, ಏಕೆ. ಯಂತ್ರ ಬಳಸಿದೆ ಎಂದು ಬರೆದವರು ಸುಳ್ಳು ಹೇಳುತ್ತಿಲ್ಲ. ಆಧಾರವನ್ನೇ ಕೊಡದೆ ಕೈಹೊಲಿಗೆಯ ಹೆಮ್ಮೆ ಪಡುವವರಿಗಿಂತ ಅವರ ಕೆಲಸ ಹೆಚ್ಚು ಗಟ್ಟಿ.

ಆಧಾರಗಳೇ ಅರೆಬರೆಯಾದ ಕಡೆ ಏನು ಮಾಡುವುದು? ಸ್ವೀಡನ್ನಿನ ಬಿರ್ಕಾ ಎಂಬ ವೈಕಿಂಗ್ ಕಾಲದ ಪಟ್ಟಣದ ಗೋರಿಗಳಲ್ಲಿ ಹೆಂಗಸರ ಎದೆಯ ಬಳಿ ಸಿಕ್ಕ, ಉಡುಪಿಗೆ ಸಿಕ್ಕಿಸುವ ಜೋಡಿ ಕಂಚಿನ ಪದಕಗಳ ಒಳಗೆ, ಲೋಹದ ಕಿಲುಬಿನ ದೆಸೆಯಿಂದ ಕೊಳೆಯದೆ ಉಳಿದ ಬಟ್ಟೆಯ ಪುಟ್ಟ ಕುಣಿಕೆಗಳಿದ್ದವು. ಆಗ್ನೆಸ್ ಗೇಯರ್ 1938ರಲ್ಲಿ ಈ ಬಟ್ಟೆಗಳ ಅಧ್ಯಯನ ಪ್ರಕಟಿಸಿದರು. ಭುಜದಿಂದ ಇಳಿಬಿಟ್ಟ ಒಂದು ಮೇಲುಡುಪು ಇತ್ತೆಂಬುದು ಕುಣಿಕೆಯಿಂದ ಖಚಿತ; ಅದು ಕೊಳವೆಯಂತಿತ್ತೇ, ಸುತ್ತಿಕೊಳ್ಳುವಂಥದ್ದೇ, ಮುಂದೆ ತೆರೆದಿತ್ತೇ ಎಂಬುದು ಊಹೆ. ಒಂದೇ ಕೂಟದಲ್ಲಿ ಆ ಎಲ್ಲ ಊಹೆಗಳನ್ನೂ ತೊಟ್ಟವರು ಪಕ್ಕಪಕ್ಕದಲ್ಲಿ ಕೂತು ನೂಲುವುದನ್ನು ಕಾಣಬಹುದು. ಇದಕ್ಕೆ ವಿರುದ್ಧವಾದ ಭಾಗ್ಯವೂ ಒಮ್ಮೊಮ್ಮೆ ಒದಗುತ್ತದೆ. ಆಸ್ಟ್ರಿಯಾದ ಲೆಂಗ್‌ಬರ್ಗ್ ಕೋಟೆಯ ದುರಸ್ತಿಯ ವೇಳೆ 2008ರಲ್ಲಿ 2,700ಕ್ಕೂ ಹೆಚ್ಚು ಬಟ್ಟೆಯ ಚೂರುಗಳು ಸಿಕ್ಕವು. ಅವುಗಳಲ್ಲಿ 15ನೆಯ ಶತಮಾನದ ನಾಲ್ಕು ಲಿನನ್ ಬ್ರಾಗಳಿರುವುದನ್ನು ಇನ್ಸ್‌ಬ್ರುಕ್ ವಿಶ್ವವಿದ್ಯಾಲಯ 2012ರಲ್ಲಿ ಬಹಿರಂಗಪಡಿಸಿದಾಗ, ಅಂಥ ಒಳಉಡುಪು ಆಧುನಿಕ ಕಾಲದ್ದೆಂದು ನಂಬಿದ್ದವರೆಲ್ಲ ಬೆರಗಾದರು. ಅಂದಿನ ಉಡುಪಿಗೆ ಆ ಮೈಕಟ್ಟು ಹೇಗೆ ಬರುತ್ತಿತ್ತೆಂದು ತಲೆ ಕೆಡಿಸಿಕೊಂಡಿದ್ದ ಹೊಲಿಗೆಗಾರರು ಮಾತ್ರ ಕತ್ತರಿ ಹಿಡಿದು, ಹೊಲಿದು, ತೊಟ್ಟು ನೋಡಲು ಕೂತರು.

ಕೈಯ ಅನುಭವ ಪಾಂಡಿತ್ಯಕ್ಕೆ ಎದುರು ನಿಂತ ಪ್ರಸಂಗ 2017ರ ಅಕ್ಟೋಬರಿನದು. ಬಿರ್ಕಾದ ರೇಷ್ಮೆ ಮತ್ತು ಬೆಳ್ಳಿಯ ಬಿಲ್ಲೆ ನೇಯ್ಗೆಯ ಪಟ್ಟಿಯೊಂದರಲ್ಲಿ ‘ಅಲ್ಲಾ’ ಎಂಬ ಅರಬ್ಬೀ ಬರಹವಿದೆ ಎಂದು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಅನ್ನಿಕಾ ಲಾರ್ಸನ್ ಹೇಳಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಅಂಥ ಚೌಕ ಲಿಪಿ ಬಳಕೆಗೆ ಬಂದದ್ದು ಆ ಪಟ್ಟಿಯ ಕಾಲಕ್ಕಿಂತ ಸುಮಾರು 500 ವರ್ಷಗಳ ನಂತರ ಎಂದು ಟೆಕ್ಸಾಸ್ ವಿಶ್ವವಿದ್ಯಾಲಯದ ಇಸ್ಲಾಮಿ ಕಲಾ ಇತಿಹಾಸಜ್ಞೆ ಸ್ಟೆಫನಿ ಮುಲ್ಡರ್ ಆಕ್ಷೇಪಿಸಿದರು. ಬಿಲ್ಲೆ ನೇಯ್ಗೆ ಬಲ್ಲವರ ಆಕ್ಷೇಪ ಬೇರೆಯೇ ಆಗಿತ್ತು: ಆ ಓದು ನಿಲ್ಲಬೇಕಾದರೆ ಪಟ್ಟಿ ಈಗಿರುವುದಕ್ಕಿಂತ ಅಗಲವಾಗಿತ್ತೆಂದು ಕಲ್ಪಿಸಿಕೊಳ್ಳಬೇಕು, ಆದರೆ ಉಳಿದಿರುವ ಪಟ್ಟಿಗೆ ಎರಡೂ ಕಡೆ ಅಂಚಿದೆ. ಅಂಚು ಕಟ್ಟಿದ ಮೇಲೆ ಆಚೆಗೆ ನೇಯ್ಗೆಯಿಲ್ಲ ಎಂಬುದು ಬಿಲ್ಲೆ ತಿರುಗಿಸಿದ ಕೈಗೆ ಗೊತ್ತಿರುವ ಸಂಗತಿ.

ಇಷ್ಟೆಲ್ಲ ಆದರೂ ನಿಯಮದಲ್ಲಿ ‘ಪ್ರಯತ್ನ’ ಎಂಬ ಮಾತು ಇದ್ದಂತೆಯೇ ಇದೆ. ಜೀನ್ಸ್ ತೊಟ್ಟು ಬಾಗಿಲಿಗೆ ಬಂದ ಹೊಸಬರನ್ನು ಯಾರೂ ವಾಪಸು ಕಳಿಸುವುದಿಲ್ಲ. ‘ಚಿನ್ನದ ಕೀಲಿ’ ಎಂದು ಕರೆಯುವ ಎರವಲು ಬಟ್ಟೆಗಳ ಪೆಟ್ಟಿಗೆಯಿಂದ ಅಳತೆಗೆ ಹೊಂದುವ ಒಂದು ಅಂಗಿ ತೆಗೆದುಕೊಡುತ್ತಾರೆ. ಆ ಪೆಟ್ಟಿಗೆ ತುಂಬುವುದು ಬಹುಮಟ್ಟಿಗೆ ಹಳೆಯ ಸದಸ್ಯರು ತಂದಿಟ್ಟ ಬಟ್ಟೆಗಳಿಂದ. ಇಂದು ಹೆರ್ಯೋಲ್ಫ್ಸ್‌ನೆಸ್ ನಿಲುವಂಗಿ ತೊಟ್ಟು ಓಡಾಡುವವರು ಮೊದಲ ವರ್ಷ ಹೊದಿಕೆ ಬಟ್ಟೆಯಲ್ಲಿ ಹೊಲಿದು ತೊಟ್ಟ ಅಂಗಿಗಳೂ ಅದರಲ್ಲಿ ಸಿಗುತ್ತವೆ.