ಗೋವಾದ ಹಳ್ಳಿ ಚರ್ಚಿನ ಆಲ್ತಾರ್‌ನಲ್ಲಿ ಇರೋದು ನಿಜವಾದ ಚಿನ್ನಾನಾ?

ವಾಸ್ಕೋದ ಓದುಗರೊಬ್ಬರ ಪ್ರಶ್ನೆ: "ಊರಿಂದ ನೆಂಟರು ಬಂದಿದ್ದರು. ಓಲ್ಡ್ ಗೋವಾ ತೋರಿಸಿ, ಬರುವಾಗ ಒಂದು ಹಳ್ಳಿ ಚರ್ಚಿಗೂ ಹೋದೆವು. ಹೊರಗೆ ನೋಡಿದರೆ ಬರೀ ಸುಣ್ಣದ ಗೋಡೆ. ಒಳಗೆ ಎದುರಿಗೆ ನೆಲದಿಂದ ಸೂರಿನವರೆಗೂ ಬಂಗಾರ! ಅದು ನಿಜವಾದ ಚಿನ್ನವಾ, ಬಣ್ಣವಾ? ಚಿನ್ನವಾದರೆ ಎಷ್ಟು ಕೆಜಿ? ಒಂದು ಹಳ್ಳಿಗೆ ಅಷ್ಟು ದುಡ್ಡು ಎಲ್ಲಿಂದ ಬಂತು?"

ಗೋವಾದಲ್ಲಿರುವ ನಮ್ಮ ಜನ ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಉತ್ತರ ಹೌದು. ಹಳೆಯ ಆಲ್ತಾರ್‌ಗಳ (ಪೂಜೆಯ ಪೀಠ, ಅದರ ಹಿಂದಿನ ಕೆತ್ತನೆಯ ಗೋಡೆ) ಮೇಲೆ ಇರುವುದು ನಿಜವಾದ ಚಿನ್ನವೇ. ಆದರೆ ಕೆಜಿಗಟ್ಟಲೆ ಇಲ್ಲ. ನೀವು ನೋಡಿದ್ದು ಮರದ ಗೋಡೆ, ಹೆಚ್ಚಾಗಿ ಸಾಗವಾನಿ. ಬಡಗಿಗಳು ಕಂಬ, ಗೂಡು, ಬಳ್ಳಿ, ದೇವದೂತರು ಎಲ್ಲವನ್ನೂ ಕೆತ್ತಿ ಜೋಡಿಸಿದ್ದಾರೆ. ಅದರ ಮೇಲೆ ಚಿನ್ನದ ಹಾಳೆ ಅಂಟಿಸಿದ್ದಾರೆ, ಅಷ್ಟೇ.

ಆ ಹಾಳೆ ಎಷ್ಟು ತೆಳುವು ಅಂದರೆ ಉಸಿರು ತಾಗಿದರೆ ಹಾರುತ್ತದೆ. ಇವತ್ತು ಸಿಗುವ ಚಿನ್ನದ ಹಾಳೆಯ ಲೆಕ್ಕದಲ್ಲಿ, ಒಂದು ಗ್ರಾಂ ಚಿನ್ನ ಸುಮಾರು ಅರ್ಧ ಚದರ ಮೀಟರ್ ಮುಚ್ಚುತ್ತದೆ. ಈಗ 8 ಮೀಟರ್ ಎತ್ತರ, 6 ಮೀಟರ್ ಅಗಲದ ಒಂದು ಆಲ್ತಾರ್ ಇದೆ ಅಂದುಕೊಳ್ಳಿ. ಕೆತ್ತನೆಯ ಉಬ್ಬು ತಗ್ಗು ಸೇರಿಸಿ ಮೂರು ಪಟ್ಟು ಜಾಗ ಹಿಡಿದರೂ 150 ಚದರ ಮೀಟರ್ ದಾಟುವುದಿಲ್ಲ. ಅಂದರೆ 300 ಗ್ರಾಂ ಸಾಕು. ಹಿಂದಿನ ಕಾಲದಲ್ಲಿ ಕೈಯಲ್ಲಿ ಬಡಿದ ಹಾಳೆ ಇದಕ್ಕಿಂತ ದಪ್ಪ ಇರುತ್ತಿತ್ತು, ಹಾಗಾಗಿ ಅದರ ಮೂರರಷ್ಟು ಅಂತ ಇಟ್ಟುಕೊಳ್ಳೋಣ. ಒಂದು ಕೆಜಿ ಆಸುಪಾಸು. ಇಡೀ ಗೋಡೆಗೆ!

ಕೆಲಸ ಇರುವುದು ಚಿನ್ನಕ್ಕಿಂತ ಅದರ ಕೆಳಗೆ. ದಕ್ಷಿಣ ಗೋವಾದ ಸಾಲ್ಸೆತ್ ಕಡೆಯ ಒಂದು ಹಳ್ಳಿ ಚರ್ಚಿನಲ್ಲಿ ಪಕ್ಕದ ಆಲ್ತಾರ್‌ನ ಕಂಬವೊಂದನ್ನು ಹತ್ತಿರದಿಂದ ನೋಡಿದ್ದೆ. ದ್ರಾಕ್ಷಿ ಬಳ್ಳಿ ಸುತ್ತಿಕೊಂಡ, ಹಗ್ಗದ ಹಾಗೆ ತಿರುಚಿದ ಕಂಬ. ಬುಡದಲ್ಲಿ ಒಂದು ದ್ರಾಕ್ಷಿ ಗೊಂಚಲಿನ ತುದಿ ಮುಕ್ಕಾಗಿತ್ತು. ಮುರಿದ ಅಂಚಿನಲ್ಲಿ ಪದರಗಳು ಒಂದರ ಕೆಳಗೊಂದು ಕಾಣುತ್ತಿದ್ದವು. ಮೇಲೆ ಚಿನ್ನದ ಗೆರೆ. ಅದರ ಕೆಳಗೆ ಇಟ್ಟಿಗೆ ಬಣ್ಣದ ತೆಳ್ಳನೆಯ ಮಣ್ಣು. ಅದರ ಕೆಳಗೆ ಸೀಮೆಸುಣ್ಣದಂಥ ಬಿಳಿ, ಅದು ಸ್ವಲ್ಪ ದಪ್ಪ. ಆಮೇಲೆ ಕಂದು ಮರ. ಉಗುರಿನಷ್ಟು ಜಾಗದಲ್ಲಿ ಇಡೀ ವಿದ್ಯೆ ಇತ್ತು.

ಕೆಲಸ ನಡೆಯುವ ಕ್ರಮ ಹೀಗೆ. ಮರಕ್ಕೆ ಮೊದಲು ಚರ್ಮ ಕುದಿಸಿ ತೆಗೆದ ಅಂಟು ಬಳಿಯುತ್ತಾರೆ. ಅದೇ ಅಂಟಿನಲ್ಲಿ ಬಿಳಿ ಪುಡಿ ಕಲಸಿ ಪದರ ಪದರವಾಗಿ ಹಚ್ಚಿ, ಉಜ್ಜಿ, ಮೊಟ್ಟೆಯ ಸಿಪ್ಪೆಯಷ್ಟು ನುಣುಪು ಮಾಡುತ್ತಾರೆ. ಮರದ ನಾರು, ಬಿರುಕು ಎಲ್ಲ ಅಲ್ಲಿಗೆ ಮುಚ್ಚಿಹೋಗುತ್ತದೆ. ಆಮೇಲೆ ಕೆಂಪು ಜೇಡಿಮಣ್ಣಿನ ಕೋಟಿಂಗ್. ಅದನ್ನು ಒದ್ದೆ ಮಾಡಿ ಹಾಳೆ ಕೂರಿಸುತ್ತಾರೆ. ಒಣಗುತ್ತಾ ಬಂದಾಗ ನುಣುಪು ಕಲ್ಲಿನಿಂದ ತಿಕ್ಕಿದರೆ ಹೊಳಪು ಬರುತ್ತದೆ. ಚಿನ್ನಕ್ಕೆ ಆ ಬೆಚ್ಚಗಿನ ಬಣ್ಣ ಕೊಡುವುದು ಕೆಳಗಿನ ಕೆಂಪು ಮಣ್ಣು.

ನಮಗೆ ಇದು ತೀರಾ ಹೊಸದೇನೂ ಅಲ್ಲ. ನಮ್ಮ ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಮರದ ದೇವರ ಮೂರ್ತಿಗೆ ಹುಣಸೆ ಬೀಜದ ಅಂಟು, ಕಲ್ಲಿನ ಪುಡಿ ಹಚ್ಚಿ ನುಣುಪು ಮಾಡಿ ಆಮೇಲೆ ಬಣ್ಣ ಹಾಕುತ್ತಾರೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಉಬ್ಬು ಕೆಲಸದ ಮೇಲೆ ಚಿನ್ನದ ಹಾಳೆ ಕೂರಿಸುತ್ತಾರೆ. ಗೋವಾದ ಆಲ್ತಾರ್ ಮುಂದೆ ಮೊದಲ ಸಲ ನಿಂತಾಗ ನನಗೆ ನೆನಪಾಗಿದ್ದು ನಮ್ಮ ಅಜ್ಜಿ ಮನೆಯ ದೇವರ ಗೂಡಿನಲ್ಲಿದ್ದ ಕಿನ್ನಾಳದ ಗೌರಿ.

ಸರಿ, ಇಷ್ಟು ಕಷ್ಟಪಟ್ಟು ಚಿನ್ನವನ್ನೇ ಯಾಕೆ ಹಚ್ಚಬೇಕಿತ್ತು? ಶ್ರೀಮಂತಿಕೆ ತೋರಿಸೋಕೆ ಅಂತ ಎಲ್ಲರೂ ಹೇಳುತ್ತಾರೆ. ಅದೂ ಇರಬಹುದು. ಆದರೆ ನನಗೆ ಕಾಣುವ ದೊಡ್ಡ ಕಾರಣ ಬೆಳಕು. ಕರೆಂಟು ಇಲ್ಲದ ಕಾಲ ಅಲ್ವಾ? ಜಂಬಿಟ್ಟಿಗೆಯ ದಪ್ಪ ಗೋಡೆ, ಎತ್ತರದಲ್ಲಿ ಕಿಟಕಿ. ಆ ಕಿಟಕಿಗಳಿಗೆ ಗಾಜಿನ ಬದಲು ಚಿಪ್ಪು. ಸಮುದ್ರದ, ಖಾಡಿಯ ಕೆಸರಿನಲ್ಲಿ ಸಿಗುವ ಚಪ್ಪಟೆ ಚಿಪ್ಪನ್ನು ಚೌಕವಾಗಿ ಕತ್ತರಿಸಿ ಮರದ ಪಟ್ಟಿಗಳ ನಡುವೆ ಸಿಕ್ಕಿಸುತ್ತಿದ್ದರು. ಹೊರಗಿನದು ಕಾಣುವುದಿಲ್ಲ, ಬೆಳಕು ಮಾತ್ರ ಹಾಲಿನ ಹಾಗೆ ಸೋಸಿ ಒಳಗೆ ಬರುತ್ತದೆ. ಗೋವಾದ ಬಿಸಿಲಿನ ಉರಿ ಅಲ್ಲೇ ನಿಲ್ಲುತ್ತದೆ. ಬಿಳಿ ಸುಣ್ಣದ ಗೋಡೆ ಆ ಬೆಳಕನ್ನು ಹರಡುತ್ತದೆ. ಕೊನೆಗೆ ಅದು ಹೋಗಿ ನಿಲ್ಲುವುದು ಆಲ್ತಾರ್ ಮೇಲೆ. ಮುಂದೆ ನಾಲ್ಕು ಮೇಣದಬತ್ತಿ ಹಚ್ಚಿದರೆ ಸಾಕು, ಸಾವಿರ ಕೆತ್ತನೆಯ ಅಂಚುಗಳಲ್ಲಿ ಅದೇ ಜ್ವಾಲೆ ಅಲುಗಾಡುತ್ತದೆ. ಚಿಪ್ಪು, ಸುಣ್ಣ, ಚಿನ್ನ ಮೂರೂ ಸೇರಿ ಒಂದೇ ದೀಪ ಅಂತ ನಾನು ನಂಬಿದ್ದೇನೆ.

ಹೊರಗಿನ ಸುಣ್ಣಕ್ಕೆ ಇನ್ನೊಂದು ಕೆಲಸವೂ ಇದೆ. ಜಂಬಿಟ್ಟಿಗೆ ತೂತು ತೂತು ಕಲ್ಲು, ಮಳೆ ನೀರು ಕುಡಿಯುತ್ತದೆ. ಗಾರೆ, ಸುಣ್ಣ ಅದಕ್ಕೆ ರೇನ್‌ಕೋಟ್ ಇದ್ದ ಹಾಗೆ. ಓಲ್ಡ್ ಗೋವಾದ ಬಾಮ್ ಜೀಸಸ್ ಬೆಸಿಲಿಕಾ ಕೆಂಪಗೆ ಕಾಣುತ್ತದಲ್ಲ, ಅದು ಮೂಲ ರೂಪವಲ್ಲ. 1950ರ ದಶಕದಲ್ಲಿ ರಿಪೇರಿ ಹೆಸರಿನಲ್ಲಿ ಹೊರಗಿನ ಗಾರೆ ಕಿತ್ತು ಹಾಕಿದರು. ಅಂದಿನಿಂದ ಪ್ರತಿ ಮಳೆಗಾಲ ಆ ಕಲ್ಲು ಸವೆಯುತ್ತಿದೆ.

ದುಡ್ಡಿನ ವಿಷಯ. ಗೋವಾದ ಹಳ್ಳಿಗಳಲ್ಲಿ ಜಮೀನು ಗಾಂವ್ಕಾರರ, ಅಂದರೆ ಊರಿನ ಮೂಲ ಮನೆತನದವರ, ಸಂಘದ ಕೈಯಲ್ಲಿತ್ತು. ಪೋರ್ಚುಗೀಸರು ಅದನ್ನು ಕೊಮುನಿದಾದ್ ಅಂದರು. ಅವರು ಬರುವ ಮೊದಲೇ ಇದ್ದ ವ್ಯವಸ್ಥೆ ಅದು. ಗದ್ದೆಯ ಆದಾಯದಲ್ಲಿ ಚರ್ಚು ಕಟ್ಟುವ, ನೋಡಿಕೊಳ್ಳುವ ಖರ್ಚು ಹೋಗುತ್ತಿತ್ತು. ಹದಿನಾರನೇ ಶತಮಾನದಲ್ಲಿ ಕೆಡವಿದ ದೇವಸ್ಥಾನಗಳ ಜಮೀನಿನ ಉತ್ಪನ್ನವೂ ಚರ್ಚಿನ ಕಡೆಗೆ ತಿರುಗಿತು. ಇದನ್ನು ಮುಚ್ಚಿಟ್ಟು ಆ ಚಿನ್ನದ ಕಥೆ ಹೇಳೋಕಾಗಲ್ಲ.

ಕೈಗಳೂ ಇಲ್ಲಿಯವೇ. ಚರ್ಚಿನ ಮೂರ್ತಿ, ಚಿತ್ರಗಳ ಕೆಲಸವನ್ನು ಹಿಂದೂ ಕುಶಲಕರ್ಮಿಗಳಿಗೆ ಕೊಡಬಾರದು ಅಂತ 1567ರ ಗೋವಾದ ಚರ್ಚ್ ಮಹಾಸಭೆ ತೀರ್ಮಾನ ಮಾಡಿತ್ತು. ಬೇಡ ಅನ್ನಬೇಕಾಯಿತು ಅಂದರೆ ಕೊಡುತ್ತಿದ್ದರು ಅಂತಲೇ ಅರ್ಥ. ನಿಮಗೆ ಸಾಕ್ಷಿ ಬೇಕಾದರೆ ಪುಲ್ಪಿತ್ ನೋಡಿ. ಚರ್ಚಿನ ಮಧ್ಯದಲ್ಲಿ, ಗೋಡೆಗೆ ಅಂಟಿಕೊಂಡು, ತಲೆಯ ಮೇಲೊಂದು ಮರದ ಕೊಡೆ ಇರುವ ಬಾಲ್ಕನಿಯಂಥದ್ದು. ಮೈಕ್ ಇಲ್ಲದ ಕಾಲದಲ್ಲಿ ಪಾದ್ರಿ ಅಲ್ಲಿ ಹತ್ತಿ ಪ್ರವಚನ ಮಾಡಿದರೆ ಆ ಕೊಡೆ ಮಾತನ್ನು ಕೆಳಗೆ ಜನರ ಕಡೆಗೆ ತಳ್ಳುತ್ತಿತ್ತು. ಅದರ ಅಡಿಯಲ್ಲಿ ಬಗ್ಗಿ ನೋಡಿದರೆ ಕೆಲವು ಕಡೆ ಭಾರ ಹೊತ್ತವರು ನಾಗಕನ್ಯೆಯರು! ಸೊಂಟದಿಂದ ಕೆಳಗೆ ಸುರುಳಿ ಸುತ್ತಿದ ಬಾಲ. ನಮ್ಮ ನಾಗರಕಲ್ಲು ನೋಡಿ ಬೆಳೆದವರಿಗೆ ಗುರುತು ಹತ್ತದೆ ಇರುವುದಿಲ್ಲ.

ಇನ್ನೊಂದು ಮಾತು. ನೀವು ನೋಡಿದ ವಸ್ತು ಆ ಹಳ್ಳಿಗೇ ಮಾಡಿದ್ದು ಆಗಿರಬೇಕು ಅಂತೇನಿಲ್ಲ. 1834-35ರಲ್ಲಿ ಪೋರ್ಚುಗಲ್ ಸರ್ಕಾರ ಸನ್ಯಾಸಿ ಸಂಘಗಳನ್ನು ರದ್ದು ಮಾಡಿತು. ಓಲ್ಡ್ ಗೋವಾದ ಮಠಗಳು ಖಾಲಿಯಾದವು. ಗಂಟೆ, ಮೂರ್ತಿ, ಆಲ್ತಾರ್‌ಗಳು ಬೇರೆ ಊರುಗಳಿಗೆ ಹೋದವು. ಪಣಜಿಯ ಮೆಟ್ಟಿಲಿನ ಚರ್ಚಿನ ದೊಡ್ಡ ಗಂಟೆ ಬಂದಿದ್ದು ಅಗಸ್ಟೀನಿಯನ್ ಮಠದಿಂದ. ಸಾಲಿಗಾಂವ್ ಚರ್ಚಿನ ಮೇರಿ ಮಾತೆಯ ಮೂರ್ತಿಯೂ ಓಲ್ಡ್ ಗೋವಾದ ಪಾಳು ಮಠದ್ದೇ.

ಈಗ ಬಣ್ಣದ ವಿಷಯ, ನನಗೆ ಹೊಟ್ಟೆ ಉರಿಯುವ ವಿಷಯ. ಫೆಸ್ತ್ (ಚರ್ಚಿನ ಹಬ್ಬ) ಹತ್ತಿರ ಬಂದಾಗ ಆಲ್ತಾರ್ ಮಂಕಾಗಿದೆ ಅಂತ ಅಂಗಡಿಯ ಗೋಲ್ಡನ್ ಪೇಂಟ್ ತಂದು ಬಳಿದುಬಿಡುತ್ತಾರೆ. ನಾನು ನೋಡಿದ ಆ ದ್ರಾಕ್ಷಿ ಗೊಂಚಲಿಗೂ ಎರಡು ವರ್ಷದ ಮೇಲೆ ಅದೇ ಗತಿಯಾಗಿತ್ತು. ಭಕ್ತಿಯಿಂದಲೇ ಮಾಡಿದ್ದು, ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ಆ ಪೇಂಟ್‌ನಲ್ಲಿರುವುದು ಹಿತ್ತಾಳೆಯಂಥ ಲೋಹದ ಪುಡಿ. ಕೆಲವೇ ವರ್ಷದಲ್ಲಿ ಕಂದಾಗುತ್ತದೆ. ಚಿನ್ನ 300 ವರ್ಷವಾದರೂ ಕಪ್ಪಾಗುವುದಿಲ್ಲ, ಅದರ ಮೇಲೆ ಕೂತ ಮೇಣದ ಹೊಗೆ, ಧೂಳು ಮಾತ್ರ ಕಪ್ಪು. ತಿಳಿದವರು ಶುಚಿ ಮಾಡಿದರೆ ಅದು ಮತ್ತೆ ಹೊಳೆಯುತ್ತದೆ. ಗುರುತಿಸೋದು ಹೀಗೆ: ಕೆತ್ತನೆಯ ಸಂದಿಯಲ್ಲಿ ಬಣ್ಣ ಗಟ್ಟಿಯಾಗಿ ಕೂತು ಅಂಚು ಮೊಂಡಾಗಿದ್ದರೆ, ಬಣ್ಣ ಎಲ್ಲ ಕಡೆ ಒಂದೇ ಥರ ಕಂದು ಹಳದಿಯಾಗಿದ್ದರೆ ಅದು ಪೇಂಟ್. ಸವೆದ ಅಂಚಿನಲ್ಲಿ ಕೆಂಪು ಮಣ್ಣು ಇಣುಕುತ್ತಿದ್ದರೆ ಅದು ಹಾಳೆ.

ಮುಂದಿನ ಸಲ ನೆಂಟರು ಬಂದಾಗ ತಿಸ್ವಾಡಿ ತಾಲೂಕಿನ ತಳಾವ್ಲಿಯಲ್ಲಿರುವ ಸಾಂತ್ ಆನಾ ಚರ್ಚಿಗೆ ಹೋಗಿ. 1695ರಲ್ಲಿ ಮುಗಿದ ಕಟ್ಟಡ, ಹಳ್ಳಿ ಚರ್ಚುಗಳಲ್ಲಿ ನನಗೆ ಅದೇ ಹೆಚ್ಚು ಇಷ್ಟ. ಜುಲೈ ಕೊನೆಯ ಅಲ್ಲಿಯ ಫೆಸ್ತ್‌ನಲ್ಲಿ ಜನ ಸೌತೆಕಾಯಿ ಹರಕೆ ಒಪ್ಪಿಸುತ್ತಾರೆ. ಹಳ್ಳಿ ಚರ್ಚುಗಳು ಮಧ್ಯಾಹ್ನ ಹೆಚ್ಚಾಗಿ ಮುಚ್ಚಿರುತ್ತವೆ. ಬೆಳಗಿನ ಪೂಜೆ ಮುಗಿಯುವ ಹೊತ್ತಿಗೆ ಹೋಗಿ, ಸಾಂಕ್ರಿಸ್ತಾಂವ್ (ಚರ್ಚು ನೋಡಿಕೊಳ್ಳುವವರು) ಹತ್ತಿರ ಕೇಳಿ ಟ್ಯೂಬ್‌ಲೈಟ್ ಆರಿಸಿಕೊಳ್ಳಿ. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೆಂಚಿನ ಮೇಲೆ ಸುಮ್ನೆ ಕೂತಿರಿ. ಮಕ್ಕಳಿಗೆ ಮೊದಲೇ ಹೇಳಿಡಿ, ಕಂಬ ಮುಟ್ಟಬಾರದು ಅಂತ. ಬೆರಳಿನ ಬೆವರಿಗೂ ಆ ಹಾಳೆ ಎದ್ದು ಬರುತ್ತದೆ.