ಬಸುರಿಯಾದ ಮೇಲೆ ಕರುಳಿನ ಮಾತ್ರೆ ಬಿಡಬೇಕೆ?

ಪ್ರಶ್ನೆ: ನನಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣಾಗುವ ಕಾಯಿಲೆ). ಮೆಸಲಮೈನ್, ಅಜಾಥಯೋಪ್ರಿನ್ ತೆಗೆದುಕೊಳ್ಳುತ್ತೇನೆ, ವರ್ಷದಿಂದ ತೊಂದರೆಯಿಲ್ಲ. ಈಗ ಎರಡು ತಿಂಗಳು. ‘ಮಗುವಿಗೆ ತಾಗುತ್ತದೆ, ಹೆರಿಗೆಯವರೆಗೆ ಮಾತ್ರೆ ಬಿಡು’ ಅಂತಾರೆ ಅತ್ತೆ. ಬಿಡಲೇ?
— ಓದುಗರೊಬ್ಬರು, ಉಡುಪಿ

ಉತ್ತರ: ನೀವಾಗಿ ಬಿಡಬೇಡಿ. ಅತ್ತೆಯ ಕಾಳಜಿ ಸರಿ, ಲೆಕ್ಕ ಮಾತ್ರ ತಲೆಕೆಳಗು. ಮಗುವಿಗೆ ಹೆಚ್ಚು ಅಪಾಯ ಕೆರಳಿದ ಕರುಳಿನಿಂದ: ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ತೂಕ ಕಡಿಮೆ. ಮಾತ್ರೆ ಬಿಟ್ಟು ರಕ್ತಭೇದಿ ಶುರುವಾದರೆ ಕೊನೆಗೆ ಸ್ಟೀರಾಯ್ಡ್ ನುಂಗಬೇಕಾದೀತು.

ಮೆಸಲಮೈನ್ ಬಗ್ಗೆ ಚಿಂತೆ ಬೇಡ. ಅಜಾಥಯೋಪ್ರಿನ್ ಡಬ್ಬಿಯೊಳಗಿನ ಚೀಟಿ ಓದಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೂ ಮೊದಲಿನಿಂದ ಒಗ್ಗಿದವರಿಗೆ ಅದನ್ನು ಮುಂದುವರಿಸುವುದೇ ಈಗಿನ ವೈದ್ಯಕೀಯ ಸಲಹೆ. ಬಸುರಿಯಲ್ಲಿ ಹೊಸದಾಗಿ ಶುರು ಮಾಡುವುದಿಲ್ಲ, ಅಷ್ಟೆ. ಇದೇ ಕಾಯಿಲೆಗೆ ಸಲ್ಫಾಸಲಜೀನ್ ಮಾತ್ರೆ ತೆಗೆದುಕೊಳ್ಳುವವರಿಗೆ ಫೋಲಿಕ್ ಆಸಿಡ್ ಹೆಚ್ಚು ಬೇಕು, ದಿನಕ್ಕೆ 2 ಮಿಲಿಗ್ರಾಂ. ಆ ಔಷಧ ಫೋಲಿಕ್ ಆಸಿಡ್ ಹೀರಿಕೆಗೇ ಅಡ್ಡಬರುತ್ತದೆ.

ನಿಜವಾಗಿ ಹೆದರಬೇಕಾದ್ದು, ಕರುಳಿನ ಉರಿಯೂತಕ್ಕೆ ಕೆಲವರಿಗೆ ಕೊಡುವ ಮೆಥೊಟ್ರೆಕ್ಸೇಟ್‌ಗೆ. ಗರ್ಭ ಧರಿಸುವ ಮೂರು ತಿಂಗಳ ಮೊದಲೇ ನಿಲ್ಲಿಸಬೇಕಾದ ಔಷಧ ಅದು. ಅದರ ಮೇಲಿದ್ದಾಗಲೇ ಬಸುರಿ ಎಂದು ಗೊತ್ತಾದರೆ ಅಂದೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು. ಕೊಲೈಟಿಸ್‌ಗೆ ಕೊಡುವ ಟೊಫಾಸಿಟಿನಿಬ್ ಮಾತ್ರೆ ಕೂಡ ಬಸುರಿಯಲ್ಲಿ ಬೇಡ.

ಈ ಕಾಯಿಲೆಗೆ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಇಂಜೆಕ್ಷನ್‌ ತೆಗೆದುಕೊಳ್ಳುವವರೂ ಸಾಮಾನ್ಯವಾಗಿ ಮುಂದುವರಿಸಬಹುದು. ಆದರೆ ನಮ್ಮೂರಲ್ಲಿ ಜಾರಿಹೋಗುವ ವಿಷಯ ಇಲ್ಲೇ ಇದೆ. ಕೊನೆಯ ತಿಂಗಳುಗಳಲ್ಲಿ ಈ ಔಷಧ ಮಾಸುವಿನ ಮೂಲಕ ಮಗುವಿಗೆ ದಾಟಿ, ಹುಟ್ಟಿದ ಮೇಲೂ ತಿಂಗಳುಗಟ್ಟಲೆ ಅದರ ರಕ್ತದಲ್ಲಿ ಉಳಿಯುತ್ತದೆ. ಕ್ಷಯ ತಡೆಯುವ ಬಿಸಿಜಿ ಜೀವಂತ ರೋಗಾಣುವಿನ ಲಸಿಕೆ. ಹುಟ್ಟಿದ ಕೂಡಲೇ ಕೊಡುವ ರೂಢಿ. ಇಂಥ ಮಗುವಿಗೆ ಅದನ್ನು ಕನಿಷ್ಠ ಆರು ತಿಂಗಳಾದರೂ ಮುಂದೂಡಬೇಕು. ಬಾಯಿಗೆ ಹಾಕುವ ಪೋಲಿಯೊ, ರೋಟಾವೈರಸ್ ಹನಿಗಳ ಬಗ್ಗೆಯೂ ಮಕ್ಕಳ ಡಾಕ್ಟರನ್ನು ಮೊದಲೇ ಕೇಳಿ. ಕರುಳಿನ ಡಾಕ್ಟರು ಮಂಗಳೂರಿನಲ್ಲಿ, ಹೆರಿಗೆ ತವರಿನ ಕುಂದಾಪುರದಲ್ಲಿ ಅಂತಾದರೆ ವಾರ್ಡಿನ ನರ್ಸಿಗೆ ಇದು ಗೊತ್ತಾಗುವುದಾದರೂ ಹೇಗೆ? ಔಷಧದ ಹೆಸರು, ಕೊನೆಯ ಡೋಸಿನ ತಾರೀಕನ್ನು ತಾಯಿ ಕಾರ್ಡಿನಲ್ಲೇ ಬರೆಸಿಬಿಡಿ. ಸೀಮಂತ ಮುಗಿಸಿ ತವರಿಗೆ ಹೊರಡುವಾಗ ಫೈಲೂ ಜೊತೆಗಿರಲಿ.

ಸೊಂಟನೋವೆಂದು ಮೆಡಿಕಲ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತರಿಸಬೇಡಿ. ಅವು ಕರುಳನ್ನೂ ಕೆರಳಿಸಬಹುದು, ಬಸುರಿಗೂ ಒಳ್ಳೆಯದಲ್ಲ. ಪ್ಯಾರಾಸಿಟಮಾಲ್ ಸಾಕು.

ಹೆರಿಗೆಯಾದ ಮೇಲೆ ಈ ಪ್ರಶ್ನೆ ಮನೆಯಲ್ಲಿ ಮತ್ತೆ ಏಳುತ್ತದೆ, ಈ ಸಲ ಎದೆಹಾಲಿನ ಹೆಸರಿನಲ್ಲಿ. ನಿಮ್ಮ ಎರಡೂ ಮಾತ್ರೆ ನುಂಗುತ್ತಲೇ ಹಾಲು ಕುಡಿಸಬಹುದು. ಮುಂದಿನ ಚೆಕಪ್‌ಗೆ ಅತ್ತೆಯನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.